ಡೆಂಗಿ ಬಂದ ಮನೆಗೆ ಕಿವಿ ಹಣ್ಣು, ಹಿತ್ತಲಲ್ಲಿ ಸೀಬೆ: ಯಾವುದು ಮೇಲು?

ಪ್ರಶ್ನೆ: ನಾವು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯವರು. ಹೋದ ತಿಂಗಳು ನಮ್ಮ ಯಜಮಾನರಿಗೆ (42 ವರ್ಷ) ಡೆಂಗಿ ಬಂದು ಆಸ್ಪತ್ರೆಗೆ ಸೇರಿಸಿದ್ದೆವು. ಪ್ಲೇಟ್‌ಲೆಟ್ 38 ಸಾವಿರಕ್ಕೆ ಇಳಿದಿತ್ತು. ನೋಡಲು ಬಂದವರೆಲ್ಲ ಕಿವಿ ಹಣ್ಣು ತಂದರು. ದಿನಕ್ಕೆ ನಾಲ್ಕೈದು ತಿನ್ನಿಸಿದೆವು. ಐದು ದಿನಕ್ಕೆ ಒಂದೂಕಾಲು ಲಕ್ಷಕ್ಕೆ ಏರಿತು. ಈಗ ಮನೆಗೆ ಬಂದಿದ್ದಾರೆ, ಸುಸ್ತು ಮಾತ್ರ ಹೋಗಿಲ್ಲ. ಇನ್ನೂ ಎರಡು ತಿಂಗಳು ಕಿವಿ ನಿಲ್ಲಿಸಬೇಡಿ ಅಂತ ನಾದಿನಿ ಹೇಳುತ್ತಾರೆ. ಒಂದು ಹಣ್ಣಿಗೆ 40 ರೂಪಾಯಿ. ನಮ್ಮ ಹಿತ್ತಲಲ್ಲೇ ಸೀಬೆ ಮರ ಇದೆ, ಹಣ್ಣು ಉದುರಿ ಕೊಳೆಯುತ್ತಿದೆ. ಆದರೆ ಸೀಬೆ ತಿಂದರೆ ಶೀತ, ಕೆಮ್ಮು ಬರುತ್ತೆ, ಬೀಜ ಅಪೆಂಡಿಕ್ಸ್‌ನಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಅತ್ತೆ ಯಾರಿಗೂ ಮುಟ್ಟಲು ಬಿಡಲ್ಲ. ಅವರಿಗೆ 67 ವರ್ಷ, ಹದಿನೈದು ವರ್ಷದಿಂದ ಶುಗರ್ ಇದೆ, ಬಿಪಿಗೆ ಟೆಲ್ಮಿಸಾರ್ಟನ್ ತಗೋತಾರೆ. ಕಿಡ್ನಿ ಪರೀಕ್ಷೆ ಮಾಡಿಸಿ ಎರಡು ವರ್ಷದ ಮೇಲಾಯಿತು. ಕಿವಿಯಲ್ಲಿ ಶುಗರ್ ಇಲ್ಲ ಅಂತ ಅವರೂ ಅದನ್ನೇ ತಿನ್ನುತ್ತಿದ್ದಾರೆ. ಮಗಳಿಗೆ 13 ವರ್ಷ, ಹಿಮೋಗ್ಲೋಬಿನ್ 9.8. ಐರನ್ ಮಾತ್ರೆ ಶುರು ಮಾಡಿದ ಮೇಲೆ ಮಲಬದ್ಧತೆ. ಈ ಎರಡು ಹಣ್ಣಲ್ಲಿ ನಿಜವಾಗಿ ಯಾವುದು ಮೇಲು? ಕಿವಿ ನಿಲ್ಲಿಸಿ ಸೀಬೆ ಕೊಟ್ಟರೆ ತಪ್ಪಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಸೀಬೆ ಕೊಟ್ಟರೆ ಏನೂ ತಪ್ಪಿಲ್ಲ. ನಿಮ್ಮ ಯಜಮಾನರಿಗೂ ಮಗಳಿಗೂ ಸೀಬೆ ಧಾರಾಳವಾಗಿ ಸಾಕು. ಮಗಳ ವಿಷಯದಲ್ಲಂತೂ ಅದೇ ಹೆಚ್ಚು ಒಳ್ಳೆಯದು. ಅತ್ತೆಯವರ ವಿಷಯ ಮಾತ್ರ ಸ್ವಲ್ಪ ಬೇರೆ. ಅವರಿಗೆ ಒಂದು ರಕ್ತಪರೀಕ್ಷೆ ಆಗುವವರೆಗೆ ಸೀಬೆ, ಕಿವಿ ಎರಡನ್ನೂ ಲೆಕ್ಕ ಇಟ್ಟು ಕೊಡಿ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ಕಾಯಿಲೆ ಬಿದ್ದವರು ಈಗಷ್ಟೇ ಎದ್ದು ಕೂತಿದ್ದಾರೆ. ಎಲ್ಲರೂ ಒಳ್ಳೆಯದು ಅಂದ ಹಣ್ಣನ್ನು ದುಡ್ಡು ಉಳಿಸೋಕೆ ನಿಲ್ಲಿಸಿದೆವು, ಅದಕ್ಕೇ ಹೀಗಾಯಿತು ಅನ್ನೋ ಮಾತು ನಾಳೆ ಬರಬಾರದು. ಹಾಗಾಗಿ ಕಿವಿಗೂ ಪ್ಲೇಟ್‌ಲೆಟ್‌ಗೂ ಏನು ಸಂಬಂಧ ಅನ್ನೋದನ್ನು ಮೊದಲು ಬಿಡಿಸೋಣ.

ನೇರವಾಗಿ ಹೇಳಬೇಕೆಂದರೆ, ಪ್ಲೇಟ್‌ಲೆಟ್ ಏರಿದ್ದು ಕಿವಿಯಿಂದ ಅಲ್ಲ. ಡೆಂಗಿ ವೈರಸ್ ಮೂಳೆಯೊಳಗಿನ ಮಜ್ಜೆಯ ಕೆಲಸವನ್ನು ಕೆಲವು ದಿನ ಮಂದ ಮಾಡುತ್ತದೆ. ಪ್ಲೇಟ್‌ಲೆಟ್ ತಯಾರಾಗುವುದೇ ಅಲ್ಲಿ. ಇನ್ನೊಂದು ಕಡೆ, ರಕ್ತದಲ್ಲಿ ಓಡಾಡುವ ಪ್ಲೇಟ್‌ಲೆಟ್‌ಗಳು ನಮ್ಮದೇ ರೋಗನಿರೋಧಕ ಶಕ್ತಿಯ ಹೊಡೆತಕ್ಕೆ ಸಿಕ್ಕಿ ಬೇಗ ಬೇಗ ನಾಶವಾಗುತ್ತವೆ. ತಯಾರಿ ಕಡಿಮೆ, ಖರ್ಚು ಜಾಸ್ತಿ. ಅದಕ್ಕೇ ಲೆಕ್ಕ ಇಳಿಯುತ್ತದೆ. ವೈರಸ್ ಹಿಂದೆ ಸರಿದ ಮೇಲೆ ಮಜ್ಜೆ ಮತ್ತೆ ಚುರುಕಾಗುತ್ತದೆ, ಲೆಕ್ಕ ತಾನಾಗಿ ಏರುತ್ತದೆ. ಹೆಚ್ಚಿನವರಲ್ಲಿ ಜ್ವರ ಬಿಟ್ಟ ಕೆಲವೇ ದಿನಗಳಲ್ಲಿ ಈ ಏರಿಕೆ ಶುರುವಾಗುತ್ತದೆ. ನೆಂಟರು ಹಣ್ಣು ಹಿಡಿದು ಬರುವ ಹೊತ್ತಿಗೂ ಇದಕ್ಕೂ ಸರಿಯಾಗಿ ತಾಳೆ ಬೀಳುತ್ತದೆ. ಲೆಕ್ಕ ಇಳಿದಾಗ ಹಣ್ಣು ತರುತ್ತಾರೆ, ತಂದ ಮೇಲೆ ಲೆಕ್ಕ ಏರುತ್ತದೆ. ಹೆಸರು ಹಣ್ಣಿಗೆ ಬರುತ್ತದೆ. ಪಕ್ಕದ ಮಂಚದಲ್ಲಿ ಒಂದೂ ಕಿವಿ ತಿನ್ನದೆ ಗುಣವಾದವರನ್ನು ಯಾರೂ ವಿಚಾರಿಸುವುದಿಲ್ಲ, ಅಲ್ವಾ?

ಕಿವಿಯಲ್ಲಿ ಫೋಲೇಟ್ (ಬಿ ಗುಂಪಿನ ಒಂದು ವಿಟಮಿನ್) ಇದೆ, ಅದು ಮಜ್ಜೆಗೆ ಬೇಕು ಅನ್ನುವ ವಾದ ಒಂದಿದೆ. ಅರ್ಧ ನಿಜ. ಮಜ್ಜೆಗೆ ಫೋಲೇಟ್ ಬೇಕು, ಬಿ12 ಕೂಡ ಬೇಕು. ಆದರೆ ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯೋದು ಫೋಲೇಟ್ ಕೊರತೆಯಿಂದ ಅಲ್ಲ. ಅದೂ ಅಲ್ಲದೆ ನೂರು ಗ್ರಾಂ ಕಿವಿಯಲ್ಲಿ ಸುಮಾರು 25 ಮೈಕ್ರೋಗ್ರಾಂ ಫೋಲೇಟ್ ಇದ್ದರೆ, ಸೀಬೆಯಲ್ಲಿ 49 ಇದೆ. ಆ ವಾದ ನಂಬುವವರು ಸೀಬೆಯನ್ನೇ ತರಬೇಕಿತ್ತು!

ನಾನು ವಾರ್ಡ್‌ಗಳಲ್ಲಿ ಕಾಣುವ ನಿಜವಾದ ತೊಂದರೆ ಬೇರೆಯೇ. ರೋಗಿಯ ಪಕ್ಕದ ಸಣ್ಣ ಟೇಬಲ್ ಮೇಲೆ ಕಿವಿಯ ಎರಡು ಮೂರು ಬಾಕ್ಸ್ ಇರುತ್ತವೆ, ಮೇಲೆ ಒಂದು ಚಾಕು, ಸಿಪ್ಪೆಯ ತಟ್ಟೆ. ಪಕ್ಕದಲ್ಲೇ ಬೆಳಿಗ್ಗೆ ಕಲಸಿಟ್ಟ ಓಆರ್‌ಎಸ್ ಬಾಟಲಿ, ಮುಕ್ಕಾಲು ಭಾಗ ಹಾಗೇ ಉಳಿದಿರುತ್ತದೆ. ಡೆಂಗಿಯಲ್ಲಿ ಅಪಾಯ ತರೋದು ಪ್ಲೇಟ್‌ಲೆಟ್ ಒಂದೇ ಅಲ್ಲ. ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರಿ, ರಕ್ತ ಗಟ್ಟಿಯಾಗಿ, ಬಿಪಿ ಕುಸಿಯೋದು ಇನ್ನೂ ದೊಡ್ಡ ಅಪಾಯ. ಡಾಕ್ಟರು ಪ್ಲೇಟ್‌ಲೆಟ್ ಜೊತೆಗೆ, ರಕ್ತ ಎಷ್ಟು ಗಟ್ಟಿಯಾಗಿದೆ ಅಂತ ತೋರಿಸುವ ಪಿಸಿವಿ ಅಂತ ಇನ್ನೊಂದು ಲೆಕ್ಕ ಪದೇ ಪದೇ ನೋಡುವುದು ಇದಕ್ಕೇ. ಅದೂ ಈ ಸೋರಿಕೆ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ, ಮನೆಯವರು 'ಸದ್ಯ, ಜ್ವರ ಬಿಟ್ಟಿತು' ಅಂತ ಉಸಿರು ಬಿಡುವಾಗ. ಆಗ ಬೇಕಾದದ್ದು ಗುಟುಕು ಗುಟುಕಾಗಿ ಓಆರ್‌ಎಸ್, ಗಂಜಿ, ಎಳನೀರು, ಮಜ್ಜಿಗೆ. ಹಣ್ಣು ತಿಂದು ಹೊಟ್ಟೆ ತುಂಬಿ ನೀರು ಒಲ್ಲೆ ಅನ್ನುವ ರೋಗಿಗೆ ಹಣ್ಣಿನಿಂದ ನಷ್ಟವೇ.

ನಿಮ್ಮ ಮನೆಯಲ್ಲಿ ಆ ಹಂತ ದಾಟಿದೆ, ಸಂತೋಷ. ಮುಂದೆ ಯಾರಿಗಾದರೂ ಬಂದರೆ ನೆನಪಿರಲಿ ಅಂತ ಹೇಳಿದೆ. ಹೊಟ್ಟೆ ವಿಪರೀತ ನೋಯುವುದು, ವಾಂತಿ ನಿಲ್ಲದಿರುವುದು, ವಸಡಲ್ಲಿ ಮೂಗಲ್ಲಿ ರಕ್ತ, ಮೂತ್ರ ಕಡಿಮೆಯಾಗುವುದು, ಮಂಪರು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಓಡಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಐಬುಪ್ರೊಫೇನ್, ಆಸ್ಪಿರಿನ್ ತರಹದ್ದು ತಾವಾಗಿ ನುಂಗಬಾರದು. ಪರಂಗಿ ಎಲೆ ರಸದ ಬಗ್ಗೆಯೂ ಕೇಳುತ್ತಾರೆ. ಅದರ ಮೇಲೆ ಕೆಲವು ಸಣ್ಣ ಅಧ್ಯಯನಗಳಿವೆ, ಫಲಿತಾಂಶ ಒಂದೇ ತೆರನಾಗಿಲ್ಲ. ಆದರೆ ಆ ಕಹಿ ಕುಡಿದು ವಾಂತಿ ಮಾಡಿಕೊಂಡು, ಒಳಗೆ ಹೋದ ನೀರೆಲ್ಲ ಹೊರಗೆ ಹಾಕಿದವರನ್ನು ನೋಡಿದ್ದೇನೆ. ಹಾಗಾಗಿ ನಾನು ಕೊಡಿ ಅನ್ನುವುದಿಲ್ಲ.

ಈಗ ಎರಡು ಹಣ್ಣುಗಳನ್ನು ಪಕ್ಕಪಕ್ಕ ಇಡೋಣ. ಲೆಕ್ಕ ತಿನ್ನುವ ಭಾಗದ ನೂರು ಗ್ರಾಂಗೆ.

ವಿಟಮಿನ್ ಸಿ: ಸೀಬೆಯಲ್ಲಿ 200 ಮಿಲಿಗ್ರಾಂಗಿಂತ ಜಾಸ್ತಿ, ಮಾಮೂಲಿ ಹಸಿರು ಕಿವಿಯಲ್ಲಿ 75ರಿಂದ 93. ಒಳಗೆ ಹಳದಿ ಇರುವ ಗೋಲ್ಡ್ ಕಿವಿಯಲ್ಲಿ ಸುಮಾರು 160, ಅದರ ಬೆಲೆಯೂ ಇನ್ನಷ್ಟು ಮೇಲೆ. ನಾರು: ಸೀಬೆಯಲ್ಲಿ ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಂತೆ 5.4 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ (ಎನ್‌ಐಎನ್) 2017ರಲ್ಲಿ ತಂದ ನಮ್ಮ ದೇಶದ ಆಹಾರದ ಪಟ್ಟಿಯಲ್ಲಿ ಇನ್ನೂ ಜಾಸ್ತಿ ಇದೆ. ಕಿವಿಯಲ್ಲಿ 3 ಗ್ರಾಂ. ಪ್ರೋಟೀನ್ ಸೀಬೆಯಲ್ಲಿ ಎರಡೂವರೆ ಗ್ರಾಂ, ಕಿವಿಯಲ್ಲಿ ಒಂದು. ಪೊಟ್ಯಾಸಿಯಂ ಸೀಬೆಯಲ್ಲಿ 417 ಮಿಲಿಗ್ರಾಂ, ಕಿವಿಯಲ್ಲಿ 312. ಸಕ್ಕರೆ ಎರಡರಲ್ಲೂ ಒಂಬತ್ತು ಗ್ರಾಂ ಆಸುಪಾಸು. ಕ್ಯಾಲೊರಿಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಕಿವಿ ಗೆಲ್ಲುವ ಕಡೆಗಳೂ ಇವೆ. ವಿಟಮಿನ್ ಕೆ ಕಿವಿಯಲ್ಲಿ 40 ಮೈಕ್ರೋಗ್ರಾಂ, ಸೀಬೆಯಲ್ಲಿ ಮೂರೂ ಇಲ್ಲ. ವಿಟಮಿನ್ ಇ ಸಹ ಕಿವಿಯಲ್ಲೇ ಜಾಸ್ತಿ. ಆದರೆ ಎರಡು ಹಿಡಿ ಸೊಪ್ಪಿನ ಸಾರು ಉಣ್ಣುವ ಮನೆಗೆ ವಿಟಮಿನ್ ಕೆಗಾಗಿ ಹಣ್ಣು ಹುಡುಕುವ ಅಗತ್ಯ ಇಲ್ಲ. ಕೆಂಪು ತಿರುಳಿನ ಸೀಬೆಗೆ ಇನ್ನೊಂದು ವಿಶೇಷ ಇದೆ, ಟೊಮೆಟೊಗೆ ಬಣ್ಣ ಕೊಡುವ ಲೈಕೋಪೀನ್ ಅದರಲ್ಲಿ ಚೆನ್ನಾಗಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕಿರಣ್ ಅಂಥ ತಳಿ. ನಿಮ್ಮ ಹಿತ್ತಲಿನದು ಬಿಳಿಯದಾದರೆ ಬೇಸರ ಬೇಡ, ವಿಟಮಿನ್ ಸಿ ಅದರಲ್ಲೂ ಸಮೃದ್ಧಿಯಾಗಿದೆ.

ಈ ಅಂಕಿಗಳನ್ನು ನೋಡಿ 'ಸೀಬೆಯಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಸಿ ಇದೆ, ಹಾಗಾದರೆ ಅಷ್ಟು ಪಟ್ಟು ಒಳ್ಳೆಯದು' ಅಂತ ಲೆಕ್ಕ ಹಾಕಬೇಡಿ. ಕಿವಿ ಮಾರುವವರು ಸೇಬಿನ ಎದುರು ಇದೇ ಲೆಕ್ಕ ಹಾಕುತ್ತಾರೆ, ಆಗಲೂ ಅದು ಅಷ್ಟು ಸರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ಗಂಡಸರಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸರಿಗೆ 65 ಮಿಲಿಗ್ರಾಂ ವಿಟಮಿನ್ ಸಿ ಬೇಕು. ಸಿಪ್ಪೆ ತೆಗೆದ ಒಂದು ಕಿವಿ ಎಪ್ಪತ್ತು ಗ್ರಾಂ ಇರಬಹುದು. ಒಂದೇ ಹಣ್ಣಲ್ಲಿ ದಿನದ ಪಾಲು ಹತ್ತಿರ ಹತ್ತಿರ ಮುಗಿಯಿತು. ಅರ್ಧ ಸೀಬೆಯಲ್ಲೂ ಮುಗಿಯುತ್ತದೆ. ಅದಕ್ಕಿಂತ ತುಂಬಾ ಜಾಸ್ತಿ ಹೋದದ್ದನ್ನು ಮೈ ಕೂಡಿಡುವುದಿಲ್ಲ, ಮೂತ್ರದಲ್ಲಿ ಹೊರಗೆ ಹಾಕುತ್ತದೆ. ದಿನಕ್ಕೆ ಐದು ಕಿವಿ ತಿನ್ನಿಸಿದಿರಲ್ಲ, ಇನ್ನೂರು ರೂಪಾಯಿಯ ಹಣ್ಣಲ್ಲಿ ವಿಟಮಿನ್ ಸಿ ಮಟ್ಟಿಗೆ ಮೊದಲಿನ ಒಂದೆರಡೇ ಕೆಲಸಕ್ಕೆ ಬಂದದ್ದು.

ದೂರದಿಂದ ಬಂದ ಹಣ್ಣಲ್ಲಿ ಸತ್ವ ಇರಲ್ಲ ಅನ್ನೋ ಮಾತನ್ನೂ ನಾನು ಒಪ್ಪುವುದಿಲ್ಲ. ಕಿವಿಯನ್ನು ಗಟ್ಟಿ ಇರುವಾಗಲೇ ಕಿತ್ತು ತಂಪಲ್ಲಿ ಇಟ್ಟರೆ ತಿಂಗಳುಗಟ್ಟಲೆ ಇರುತ್ತದೆ, ಅದರ ವಿಟಮಿನ್ ಸಿ ಚೆನ್ನಾಗಿಯೇ ಉಳಿಯುತ್ತದೆ. ಸೀಬೆಗೆ ಆ ತಾಳಿಕೆ ಇಲ್ಲ, ಮೂರು ನಾಲ್ಕು ದಿನಕ್ಕೆ ಮೆತ್ತಗಾಗುತ್ತದೆ. ಅದು ದೊಡ್ಡ ಅಂಗಡಿಗಳಲ್ಲಿ ಮೆರೆಯದಿರುವುದಕ್ಕೆ ಇದೂ ಒಂದು ಕಾರಣ. ಅಂದಹಾಗೆ, ಕಿವಿ ನಮಗೆ ತೀರಾ ಹೊಸಬ ಏನಲ್ಲ. ಮೂಲ ಚೀನಾದ್ದು. 1904ರಲ್ಲಿ ಬೀಜ ನ್ಯೂಜಿಲೆಂಡಿಗೆ ಹೋಗಿ ಅಲ್ಲಿ ಬೆಳೆಯಿತು, 1959ರಲ್ಲಿ ವ್ಯಾಪಾರಕ್ಕಾಗಿ ಈಗಿನ ಹೆಸರು ಇಟ್ಟರು. ಭಾರತದಲ್ಲಿ ಅದನ್ನು ಮೊದಲು ನೆಟ್ಟದ್ದು ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಅಂದಕ್ಕೆ. ಬೇಕಾದಷ್ಟು ಚಳಿ ಸಿಗದೆ ಇಲ್ಲಿ ಫಲ ಬಿಡಲಿಲ್ಲ. ಆಮೇಲೆ ಶಿಮ್ಲಾದಲ್ಲಿ ಹಿಡಿಯಿತು. ಈಗ ಅರುಣಾಚಲ, ಹಿಮಾಚಲದ ಕಡೆ ಬೆಳೆಯುತ್ತಾರೆ. ಸೀಬೆಯೂ ಹೊರಗಿನಿಂದಲೇ ಬಂದದ್ದು, ಅಮೆರಿಕ ಖಂಡದ ಬಿಸಿ ನಾಡಿನಿಂದ. ಬಂದು ಬಹಳ ಕಾಲ ಆದ್ದರಿಂದ ನಮ್ಮದೇ ಆಗಿಬಿಟ್ಟಿದೆ.

ಮಗಳ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಇದೇ, ನೀವು ಮಾತ್ರ ಕೊನೆಯಲ್ಲಿ ಒಂದೇ ಸಾಲಲ್ಲಿ ಹೇಳಿದ್ದೀರಿ. ಆ ವಯಸ್ಸಿನ ಹುಡುಗಿಗೆ ಹಿಮೋಗ್ಲೋಬಿನ್ 12 ಇರಬೇಕು. 9.8 ಅಂದರೆ ರಕ್ತಹೀನತೆಯೇ. ನಿಮ್ಮ ಕಡೆಯ ಊಟದಲ್ಲಿ ಕಬ್ಬಿಣ ಇಲ್ಲ ಅಂತಲ್ಲ. ರಾಗಿಯಲ್ಲಿ ಇದೆ, ಸೊಪ್ಪಲ್ಲಿ ಇದೆ, ಹುರುಳಿಯಲ್ಲಿ ಇದೆ. ಆದರೆ ಧಾನ್ಯ, ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಸ್ವಲ್ಪವೇ. ಅದೇ ಧಾನ್ಯದಲ್ಲಿರುವ ಫೈಟೇಟ್, ಟ್ಯಾನಿನ್ ಎಂಬ ಅಂಶಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಊಟವಾದ ಕೂಡಲೇ ಟೀ ಕುಡಿದರೆ ಇನ್ನಷ್ಟು ಕಡಿಮೆಯಾಗುತ್ತದೆ. ವಿಟಮಿನ್ ಸಿ ಈ ಹಿಡಿತ ಬಿಡಿಸುತ್ತದೆ. ಆದರೆ ಅದು ಅದೇ ಊಟದ ಜೊತೆ ಹೊಟ್ಟೆಯಲ್ಲಿ ಇರಬೇಕು. ಬೆಳಿಗ್ಗೆ ಹಣ್ಣು ತಿಂದು ಮಧ್ಯಾಹ್ನ ಮುದ್ದೆ ಉಂಡರೆ ಈ ಲಾಭ ಸಿಗುವುದಿಲ್ಲ.

ಸೀಬೆಯ ಮೇಲೆಯೇ ಇದನ್ನು ಪರೀಕ್ಷೆ ಮಾಡಿದ್ದಾರೆ. ಎನ್‌ಐಎನ್‌ನವರು ಹದಿಹರೆಯದ ಮಕ್ಕಳಿಗೆ ಅನ್ನದ ಊಟದ ಜೊತೆ ನೂರು ಗ್ರಾಂ ಸೀಬೆ ಕೊಟ್ಟು ನೋಡಿದರು. ಊಟದಲ್ಲಿನ ಕಬ್ಬಿಣ ಮೈಗೆ ಹತ್ತುವುದು ಸುಮಾರು ಎರಡು ಪಟ್ಟಾಯಿತು. ಫಲಿತಾಂಶ ಪ್ರಕಟವಾದದ್ದು 2013ರಲ್ಲಿ. ನಿಮ್ಮ ಮಗಳ ವಯಸ್ಸಿನ ಮಕ್ಕಳು, ನಮ್ಮಂಥದ್ದೇ ಊಟ, ನಿಮ್ಮ ಹಿತ್ತಲಲ್ಲಿರುವ ಹಣ್ಣು. ಇದಕ್ಕಿಂತ ಹತ್ತಿರದ ಪುರಾವೆ ಬೇಕಾ?

ಮಾಡಬೇಕಾದದ್ದು ಸುಲಭ. ಮಧ್ಯಾಹ್ನವೋ ರಾತ್ರಿಯೋ, ಮುದ್ದೆ ಸೊಪ್ಪಿನ ಸಾರಿನ ತಟ್ಟೆಯ ಪಕ್ಕ ಒಂದು ಸೀಬೆಯನ್ನು ನಾಲ್ಕು ಹೋಳು ಮಾಡಿ ಇಡಿ. ಊಟದ ನಡುವೆಯೋ ಕೊನೆಯಲ್ಲೋ ತಿನ್ನಲಿ. ಸಿಪ್ಪೆ ಹೆರೆಯಬೇಡಿ, ವಿಟಮಿನ್ ಸಿ ಜಾಸ್ತಿ ಇರುವುದು ಸಿಪ್ಪೆಯ ಹತ್ತಿರವೇ. ಹರಿಯುವ ನೀರಲ್ಲಿ ಉಜ್ಜಿ ತೊಳೆದರೆ ಸಾಕು. ಕತ್ತರಿಸಿ ಡಬ್ಬಿಗೆ ಹಾಕಿ ಗಂಟೆಗಟ್ಟಲೆ ಇಟ್ಟರೆ ಸತ್ವ ಕಡಿಮೆಯಾಗುತ್ತಾ ಹೋಗುತ್ತದೆ. ಶಾಲೆಗಾದರೆ ಇಡೀ ಹಣ್ಣೇ ಕಳಿಸಿ. ಐರನ್ ಮಾತ್ರೆಯನ್ನು ಹಾಲು, ಟೀ, ಕಾಫಿ, ಕ್ಯಾಲ್ಸಿಯಂ ಮಾತ್ರೆ ಇವುಗಳ ಜೊತೆ ಕೊಡಬೇಡಿ. ಮಾತ್ರೆ ಬಿಡಿಸಿ ಸೀಬೆ ಕೊಡಿ ಅಂತ ಮಾತ್ರ ದಯವಿಟ್ಟು ತಿಳಿಯಬೇಡಿ. 9.8ರಲ್ಲಿ ಹಣ್ಣೊಂದರಿಂದ ಕೆಲಸ ಆಗುವುದಿಲ್ಲ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆಯಾ, ಜಂತುಹುಳು ಮಾತ್ರೆ ಕೊಟ್ಟು ಎಷ್ಟು ದಿನ ಆಯಿತು, ಇದನ್ನೂ ಡಾಕ್ಟರಿಗೆ ಹೇಳಿ.

ಮಾತ್ರೆಯಿಂದ ಬಂದ ಮಲಬದ್ಧತೆಗೆ ಎರಡು ಹಣ್ಣೂ ಆಗುತ್ತವೆ. ಕಿವಿಯ ನಿಜವಾದ ಹೆಚ್ಚುಗಾರಿಕೆ ಇಲ್ಲೇ ಇರೋದು, ಪ್ಲೇಟ್‌ಲೆಟ್‌ನಲ್ಲಿ ಅಲ್ಲ. ನ್ಯೂಜಿಲೆಂಡ್, ಇಟಲಿ, ಜಪಾನ್ ಮೂರು ಕಡೆ ಮಲಬದ್ಧತೆ ಇದ್ದವರಿಗೆ ನಾಲ್ಕು ವಾರ ದಿನಕ್ಕೆ ಎರಡು ಹಸಿರು ಕಿವಿ ಕೊಟ್ಟು, ಇಸಬ್‌ಗೋಲ್ ಜೊತೆ ಹೋಲಿಸಿ ನೋಡಿದರು. ಕಿವಿ ಇಸಬ್‌ಗೋಲ್‌ಗೆ ಏನೂ ಕಡಿಮೆ ಇರಲಿಲ್ಲ, ಹೊಟ್ಟೆ ಉಬ್ಬರದಂಥ ತೊಂದರೆಯೂ ಸುಧಾರಿಸಿತು. ಆ ಅಧ್ಯಯನಕ್ಕೆ ದುಡ್ಡು ಹಾಕಿದ್ದು ಕಿವಿ ಮಾರುವ ಕಂಪನಿ ಅನ್ನೋದನ್ನೂ ಹೇಳಬೇಕು. ಅಷ್ಟಕ್ಕೇ ಅದು ಸುಳ್ಳಾಗುವುದಿಲ್ಲ. ಸೀಬೆಯ ಬೆನ್ನಿಗೆ ಅಂಥ ಕಂಪನಿ ಯಾವುದೂ ಇಲ್ಲ, ಅಷ್ಟೇ. ಕಿವಿಯ ನಾರು ನೀರು ಹೀರಿ ಚೆನ್ನಾಗಿ ಉಬ್ಬುತ್ತದೆ, ಮಲ ಮೆದುವಾಗುತ್ತದೆ.

ಸೀಬೆಯಲ್ಲಿ ನಾರು ಅದಕ್ಕಿಂತ ಜಾಸ್ತಿ, ಆದರೆ ಒಂದು ಎಚ್ಚರ ಬೇಕು. ಕಾಯಿಯೋ ಹಣ್ಣೋ ಅನ್ನೋದು ಇಲ್ಲಿ ಮುಖ್ಯ. ದೋರೆಗಾಯಿ ಕಚ್ಚಿದರೆ ನಾಲಿಗೆ ಒಗರಾಗುತ್ತಲ್ಲ, ಅದು ಟ್ಯಾನಿನ್. ಅದು ಕರುಳನ್ನು ಬಿಗಿ ಮಾಡುತ್ತದೆ. 'ಸೀಬೆ ತಿಂದರೆ ಹೊಟ್ಟೆ ಕಟ್ಟುತ್ತೆ' ಅಂತ ಒಬ್ಬರು, 'ಸೀಬೆ ತಿಂದರೆ ಸಲೀಸಾಗುತ್ತೆ' ಅಂತ ಇನ್ನೊಬ್ಬರು ಹೇಳುವುದು ಇದಕ್ಕೇ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಒಬ್ಬರು ಕಾಯಿ ತಿಂದಿದ್ದಾರೆ, ಇನ್ನೊಬ್ಬರು ಹಣ್ಣು. ಮಗಳಿಗೆ ಹಸಿರು ಬಿಟ್ಟು ಹಳದಿಗೆ ತಿರುಗಿದ, ಒತ್ತಿದರೆ ಸ್ವಲ್ಪ ಮಣಿಯುವ, ಘಮ್ಮೆನ್ನುವ ಹಣ್ಣು ಕೊಡಿ. ಜೊತೆಗೆ ನೀರು ಕುಡಿಸಿ. ನೀರಿಲ್ಲದೆ ನಾರು ಮಾತ್ರ ಹೋದರೆ ಮಲಬದ್ಧತೆ ಜಾಸ್ತಿಯೇ ಆಗುತ್ತದೆ. ಒಂದೆರಡು ವಾರ ಇಷ್ಟು ಮಾಡಿಯೂ ಸರಿಹೋಗದಿದ್ದರೆ ಮಾತ್ರೆಯ ಬಗೆ ಬದಲಿಸಿ ಕೊಡಲು ಡಾಕ್ಟರನ್ನು ಕೇಳಿ, ಸುಮ್ನೆ ನಿಲ್ಲಿಸಬೇಡಿ.

ಇನ್ನು ಬೀಜದ ಭಯ. ಅಪೆಂಡಿಕ್ಸ್ ಊದಿಕೊಳ್ಳುವುದು ಹೆಚ್ಚಾಗಿ ಅದರ ಬಾಯಿ ಮುಚ್ಚಿಹೋಗುವುದರಿಂದ. ಗಟ್ಟಿಯಾದ ಮಲದ ತುಣುಕಿನಿಂದಲೋ, ಸೋಂಕಿನಿಂದ ಅಲ್ಲಿನ ಗ್ರಂಥಿ ಊದುವುದರಿಂದಲೋ ಹೀಗಾಗುತ್ತದೆ. ಹಣ್ಣಿನ ಬೀಜ ಸಿಕ್ಕಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿ ಇವೆ, ಆದರೆ ತೀರಾ ಅಪರೂಪ. ನಾರು ಚೆನ್ನಾಗಿ ತಿಂದು ಮಲ ಮೆದುವಾಗಿರುವವರಿಗೆ ಈ ವಿಷಯದಲ್ಲಿ ಅನುಕೂಲವೇ. ಬೀಜದಿಂದ ನಿಜವಾದ ತೊಂದರೆ ಆಗೋದು ಬೇರೆ ಕಡೆ. ಮಕ್ಕಳು ಒಂದೇ ಸಲ ಏಳೆಂಟು ಸೀಬೆ ಹಣ್ಣು ತಿಂದು ಬೀಜವನ್ನೆಲ್ಲ ಅಗಿಯದೆ ನುಂಗಿದರೆ, ಆ ಗಟ್ಟಿ ಬೀಜ ಕೆಳಗೆ ಕರುಳಲ್ಲಿ ಒತ್ತಾಗಿ ಕೂತು, ಮಲ ಹೋಗದೆ ಒದ್ದಾಡುವುದುಂಟು. ದಿನಕ್ಕೊಂದು ಎರಡು ತಿನ್ನುವವರಿಗೆ ಅದರ ಹೆದರಿಕೆ ಇಲ್ಲ. ಹಲ್ಲಿನ ಸೆಟ್ ಹಾಕಿಕೊಳ್ಳುವ ವಯಸ್ಸಾದವರಿಗೆ ಬೀಜ ಸೆಟ್ಟಿನ ಕೆಳಗೆ ಹೋಗಿ ವಸಡು ನೋಯುತ್ತದೆ. ಅವರಿಗೆ ನಡುವಿನ ಬೀಜದ ಭಾಗ ತೆಗೆದು ಕೊಡಿ. ಪುಟ್ಟ ಮಕ್ಕಳಿಗೂ ಹಾಗೆಯೇ.

ಶೀತದ ಮಾತು. ನೆಗಡಿ ಬರುವುದು ವೈರಸ್‌ನಿಂದ. ಸೀಬೆ ಹೆಚ್ಚು ಬರುವುದು ಮಳೆಗಾಲ ಮತ್ತು ಚಳಿಗಾಲದಲ್ಲಿ, ನೆಗಡಿ ಕೆಮ್ಮು ಹರಡುವುದೂ ಆಗಲೇ. ಎರಡೂ ಒಟ್ಟಿಗೆ ಕಂಡಾಗ ಒಂದಕ್ಕೆ ಇನ್ನೊಂದು ಕಾರಣ ಅನ್ನಿಸಿಬಿಡುತ್ತದೆ. ಹಾಗಂತ ಅತ್ತೆಯವರ ಅನುಭವವನ್ನು ಪೂರ್ತಿ ತಳ್ಳಿಹಾಕಬೇಡಿ. ಗಂಟಲು ಈಗಾಗಲೇ ಕೆಂಪಾಗಿ ಕೆರೆಯುತ್ತಿರುವಾಗ ಒಗರು ಕಾಯಿ, ಅದರ ಮೇಲೆ ಉಪ್ಪು ಖಾರದ ಪುಡಿ, ತರಿತರಿ ಬೀಜ ಇಳಿದರೆ ಕೆಮ್ಮು ಕೆರಳುತ್ತದೆ. ಗಂಟಲು ನೋವಿದ್ದ ನಾಲ್ಕು ದಿನ ಬಿಟ್ಟು ಆಮೇಲೆ ಕೊಡಿ. ಅವರೊಡನೆ ವಾದ ಮಾಡುವುದಕ್ಕಿಂತ ಇದು ಸುಲಭ.

ಮಳೆಗಾಲದ ಸೀಬೆಯ ನಿಜವಾದ ಕಾಟ ಹುಳು. ಹಣ್ಣುನೊಣ ಹಣ್ಣಿನೊಳಗೆ ಮೊಟ್ಟೆ ಇಡುತ್ತದೆ, ಹೊರಗೆ ಸಣ್ಣ ಚುಕ್ಕೆ ಬಿಟ್ಟರೆ ಏನೂ ಕಾಣುವುದಿಲ್ಲ. ಹಾಗೇ ಕಚ್ಚುವ ಬದಲು ಕತ್ತರಿಸಿ ನೋಡಿ ತಿನ್ನಿ. ನೆಲಕ್ಕೆ ಬಿದ್ದು ಒಡೆದದ್ದು ಬೇಡ. ಬಿದ್ದ ಹಣ್ಣನ್ನು ಮರದ ಬುಡದಲ್ಲೇ ಕೊಳೆಯಲು ಬಿಟ್ಟರೆ ನೊಣ ಇನ್ನೂ ಜಾಸ್ತಿಯಾಗುತ್ತದೆ, ಆರಿಸಿ ಆಳವಾಗಿ ಹೂತುಬಿಡಿ. ಮರದಲ್ಲಿರುವ ಕಾಯಿಗೆ ಕಾಗದದ ಚೀಲ ಕಟ್ಟಿದರೂ ನಡೆಯುತ್ತದೆ.

ಕಿವಿಗೂ ಅದರದ್ದೇ ಕಾಟಗಳಿವೆ, ಅದನ್ನು ಯಾರೂ ಹೇಳುವುದಿಲ್ಲ. ಕೆಲವರಿಗೆ ತಿಂದ ಕೂಡಲೇ ನಾಲಿಗೆ, ತುಟಿ ಚುಚ್ಚಿದಂತಾಗುತ್ತದೆ. ಕೆಸುವಿನಲ್ಲಿ ಇರುವಂಥದ್ದೇ ಆಕ್ಸಲೇಟ್ ಸೂಜಿಗಳು ಇದರಲ್ಲೂ ಇವೆ, ಪ್ರೋಟೀನ್ ಕರಗಿಸುವ ಆಕ್ಟಿನಿಡಿನ್ ಎಂಬ ಕಿಣ್ವವೂ ಇದೆ. ಅಷ್ಟಾದರೆ ಹೆದರಬೇಕಿಲ್ಲ. ಆದರೆ ಕೆಲವರಿಗೆ ಕಿವಿ ನಿಜವಾದ ಅಲರ್ಜಿ ತರುತ್ತದೆ. ರಬ್ಬರ್ ಕೈಗವಸು ಮುಟ್ಟಿದರೆ ಮೈ ತುರಿಸುವವರಲ್ಲಿ ಇದು ಜಾಸ್ತಿ. ತುಟಿ, ಕಣ್ಣು ಊದಿಕೊಂಡರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆ. ಕಿಡ್ನಿ ಕಲ್ಲು ಆದವರು, ಅದೂ ಆಕ್ಸಲೇಟ್ ಕಲ್ಲು ಆದವರು ದಿನಕ್ಕೆ ನಾಲ್ಕೈದು ಕಿವಿ ತಿನ್ನಬಾರದು. ಹೃದಯದ ಕವಾಟ ಬದಲಾಯಿಸಿಕೊಂಡು ರಕ್ತ ತೆಳುವಾಗಲು ವಾರ್ಫರಿನ್ ಅಥವಾ ಅಸಿಟ್ರೋಮ್ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಕಿವಿ ಜಾಸ್ತಿ ಮಾಡಬಾರದು, ಅದರ ವಿಟಮಿನ್ ಕೆ ಮಾತ್ರೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಉಳಿದಿರುವ ಕಿವಿಯನ್ನು ಹಾಲಿಗೆ ಹಾಕಿ ಮಿಲ್ಕ್‌ಶೇಕ್ ಮಾಡಿ ಇಡಬೇಡಿ, ಆಕ್ಟಿನಿಡಿನ್ ಹಾಲಿನ ಪ್ರೋಟೀನನ್ನೂ ಒಡೆದು ಸ್ವಲ್ಪ ಹೊತ್ತಿಗೇ ಕಹಿ ಮಾಡುತ್ತದೆ. ಗಟ್ಟಿಯಿದ್ದರೆ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಇಡಿ, ಎರಡು ಮೂರು ದಿನಕ್ಕೆ ಮಾಗುತ್ತದೆ. ಅರ್ಧ ಮಾಡಿ ಚಮಚದಲ್ಲಿ ಕೆರೆದು ತಿನ್ನಬಹುದು.

ಯಜಮಾನರ ಸುಸ್ತಿಗೆ ಹಣ್ಣಿಗಿಂತ ಬೇರೆಯದೇ ಬೇಕು. ಡೆಂಗಿ ಬಿಟ್ಟ ಮೇಲೆ ಎರಡು ಮೂರು ವಾರ, ಕೆಲವರಿಗೆ ಇನ್ನೂ ಜಾಸ್ತಿ ದಿನ, ಈ ಆಯಾಸ ಇರುವುದು ಸಹಜ. ಜ್ವರದಲ್ಲಿ ಊಟ ಬಿಟ್ಟು ಮೈಯ ಮಾಂಸ ಕರಗಿರುತ್ತದೆ. ಅದಕ್ಕೆ ಪ್ರೋಟೀನ್ ಬೇಕು. ಮೊಟ್ಟೆ ತಿನ್ನುವವರಾದರೆ ದಿನಾ ಒಂದೆರಡು, ಮಾಂಸ ತಿನ್ನುವವರಾದರೆ ಎಣ್ಣೆ ಖಾರ ಕಡಿಮೆ ಹಾಕಿದ ಕೋಳಿ ಸಾರು, ಇಲ್ಲದಿದ್ದರೆ ಗಟ್ಟಿ ಬೇಳೆ, ಹೆಸರುಕಾಳು, ಮೊಸರು. ಕಿವಿಗೆ ಹಾಕುವ 40 ರೂಪಾಯಿ ಮೊಟ್ಟೆಗೆ ಹಾಕಿದರೆ ಅವರಿಗೆ ಹೆಚ್ಚು ಪ್ರಯೋಜನ. ಜೊತೆಗೆ ದಿನಕ್ಕೊಂದು ಸೀಬೆ ಸಾಕು. ಎರಡು ಮೂರು ತಿಂಗಳು ಕಳೆದ ಮೇಲೆ ಕೂದಲು ಉದುರಿದರೆ ಗಾಬರಿ ಬೇಡ, ದೊಡ್ಡ ಜ್ವರದ ನಂತರ ಹೀಗಾಗುತ್ತದೆ, ಮತ್ತೆ ಬರುತ್ತದೆ. ನಾದಿನಿಯವರಿಗೆ ಬೇಸರವಾಗದಂತೆ ಹೇಳಬೇಕು ಅಂದರೆ ಫಾಲೋಅಪ್‌ಗೆ ಹೋದಾಗ ಡಾಕ್ಟರ ಬಾಯಿಂದಲೇ ಹೇಳಿಸಿ.

ಕೊನೆಗೆ ಅತ್ತೆಯವರು. ಕಿವಿಯಲ್ಲಿ ಶುಗರ್ ಇಲ್ಲ ಅನ್ನೋದು ತಪ್ಪು. ಹುಳಿಯಾಗಿದೆ ಅಂದ ಮಾತ್ರಕ್ಕೆ ಸಕ್ಕರೆ ಇಲ್ಲ ಅಂತಲ್ಲ, ಸೀಬೆಯಷ್ಟೇ ಇದೆ ಅಂತ ಮೇಲೆ ಹೇಳಿದೆ. ಸಕ್ಕರೆ ಕಾಯಿಲೆ ಇರುವವರಿಗೆ ಎರಡೂ ಸೇರುವ ಹಣ್ಣುಗಳೇ, ಜ್ಯೂಸ್ ಮಾಡದೆ ಇಡಿಯಾಗಿ ತಿಂದರೆ. ಒಂದು ಸಲಕ್ಕೆ ಒಂದು ಮಧ್ಯಮ ಸೀಬೆ ಅಥವಾ ಒಂದು ಕಿವಿ, ಉಪ್ಪು ಹಚ್ಚದೆ. ಶುಗರ್ ಕಡೆಯಿಂದ ನನಗೆ ಅಷ್ಟು ಚಿಂತೆ ಇಲ್ಲ.

ಚಿಂತೆ ಇರುವುದು ಕಿಡ್ನಿಯ ಕಡೆಯಿಂದ. ಹದಿನೈದು ವರ್ಷದ ಶುಗರ್, ಜೊತೆಗೆ ಬಿಪಿ. ಇಂಥವರಲ್ಲಿ ಎಷ್ಟೋ ಜನರಿಗೆ ಕಿಡ್ನಿಯ ಶಕ್ತಿ ಸದ್ದಿಲ್ಲದೆ ಕುಗ್ಗಿರುತ್ತದೆ, ಯಾವ ಲಕ್ಷಣವೂ ಕಾಣುವುದಿಲ್ಲ. ಕಿಡ್ನಿ ದುರ್ಬಲವಾದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ಟೆಲ್ಮಿಸಾರ್ಟನ್ ಒಳ್ಳೆಯ ಮಾತ್ರೆ, ಕಿಡ್ನಿಯನ್ನು ಕಾಯುವುದಕ್ಕೂ ಅದನ್ನು ಕೊಡುತ್ತಾರೆ. ಆದರೆ ಅದು ಪೊಟ್ಯಾಸಿಯಂ ಅನ್ನು ಸ್ವಲ್ಪ ಏರಿಸುವ ಮಾತ್ರೆಯೂ ಹೌದು. ಆ ಸ್ಥಿತಿಯಲ್ಲಿ ದಿನಕ್ಕೆ ಮೂರು ನಾಲ್ಕು ಸೀಬೆಯೋ ಕಿವಿಯೋ, ಮೇಲೆ ಎಳನೀರು ಸೇರಿದರೆ ಹೃದಯದ ಬಡಿತಕ್ಕೇ ಅಪಾಯ ಬರಬಹುದು. ಅಂಥವರಿಗೆ ನೂರು ಗ್ರಾಂಗೆ ನೂರು ಮಿಲಿಗ್ರಾಂ ಚಿಲ್ಲರೆ ಪೊಟ್ಯಾಸಿಯಂ ಇರುವ ಸೇಬನ್ನೇ ನಾವು ಹೇಳುವುದು. ಬೇರೆಯವರ ಮುಂದೆ ಸತ್ವ ಕಡಿಮೆ ಅನ್ನಿಸುವ ಸೇಬು ಇವರಿಗೆ ಮೇಲಾಗುತ್ತದೆ.

ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಈ ವಾರವೇ ಅವರ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತು ಮೂತ್ರದಲ್ಲಿ ಆಲ್ಬುಮಿನ್, ಈ ಮೂರು ಪರೀಕ್ಷೆ ಮಾಡಿಸಿ. ರಿಪೋರ್ಟ್ ಸರಿಯಿದ್ದರೆ ದಿನಕ್ಕೊಂದು ಸೀಬೆ ಧೈರ್ಯವಾಗಿ ಕೊಡಿ, ಅವರು ಒಪ್ಪಿದರೆ. ಏರುಪೇರು ಇದ್ದರೆ ಹಣ್ಣಿನ ವಿಷಯ ಅವರ ಡಾಕ್ಟರು ನೋಡಿಕೊಂಡು ಹೇಳಲಿ. ಅಲ್ಲಿಯವರೆಗೆ ಅವರಿಗೆ ದಿನಕ್ಕೆ ಅರ್ಧ ಸೀಬೆ ಅಥವಾ ಒಂದು ಕಿವಿ, ಎರಡರಲ್ಲಿ ಒಂದೇ.